ಮನಿಗೆ 'ಕೇವಿಯಟ್' ಬಂದೈತಿ, ಹಂಗಂದ್ರ ಏನ್ರಿ?

ಘಟಪ್ರಭಾ ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. ನಾ ಬೆಳಗಾವ್ಯಾಗ ಒಂದ್ ಕಂಪನ್ಯಾಗ ಕೆಲಸ ಮಾಡ್ತೇನಿ, ಊರು ಗೋಕಾಕ ಕಡೆ. ಮೊನ್ನೆ ಅಪ್ಪಾಗ ಒಂದ್ ರಜಿಸ್ಟರ್ ಪೋಸ್ಟ್ ಬಂದೈತಿ, ಪೋಸ್ಟ್‌ಮನ್ ಸಹಿ ತಗೊಂಡು ಕೊಟ್ಟು ಹೋಗ್ಯಾನ. ಒಳಗ ಎರಡ್ ಹಾಳಿ, ಪೂರಾ ಇಂಗ್ಲೀಷು. ಮ್ಯಾಲೆ ದಪ್ಪ ಅಕ್ಷರದಾಗ ಕೇವಿಯಟ್ ಪಿಟಿಷನ್ ಅಂತೈತಿ, ಅದರ ಕೆಳಗ ಸೆಕ್ಷನ್ 148-ಎ. ಹಾಕಿದಾವ್ರು ಬ್ಯಾರೆ ಯಾರೂ ಅಲ್ಲ, ನಮ್ಮ ಕಾಕಾ, ಅಪ್ಪನ ಖಾಸ ತಮ್ಮ. ಅಪ್ಪಾಗ ಇಂಗ್ಲೀಷ್ ಬರೂದಿಲ್ಲ, ಬಾಜೂ ಮನಿಯಾಂವ ಬಂದು ಕನ್ನಡಕ ಹಾಕ್ಕೊಂಡು ಓದಿ "ನಿನ್ನ ಮ್ಯಾಲೆ ಸ್ಟೇ ಬಂದೈತಿ, ಇನ್ನ ಹೊಲಕ್ಕ ಕಾಲಿಡಂಗಿಲ್ಲ" ಅಂದ ಹೋಗ್ಯಾನ. ಅವತ್ತಿಂದ ಅಪ್ಪ ಕಟ್ಟಿ ಮ್ಯಾಲ ಕುಂತಾಂವ ಕುಂತಾನ, ಅರ್ಧ ರೊಟ್ಟಿಗೆ ಕೈ ತೊಳ್ಕೊಂಡು ಏಳ್ತಾನ ಅಂತ ಅವ್ವ ಫೋನ್‌ನ್ಯಾಗ ಅಳಾಕತ್ತಾಳ.

ಮಜಾ ಏನಂದ್ರ ಇದ ಶಬ್ದ ನಾ ಆಫೀಸ್‌ನ್ಯಾಗ ದಿನಾ ಕೇಳ್ತೇನಿ. ನಮ್ಮ ಮ್ಯಾನೇಜರ್ ಮೀಟಿಂಗ್‌ನ್ಯಾಗ "ಶುಕ್ರವಾರ ಕೆಲಸ ಮುಗೀತೈತಿ, ಬಟ್ ವಿತ್ ಒನ್ ಕೇವಿಯಟ್" ಅಂತಾರ. ಇಷ್ಟ್ ದಿನ ನಾ ಅದಕ್ಕ ಷರತ್ತು ಅಂತ ಅರ್ಥ ಮಾಡ್ಕೊಂಡಿದ್ದೆ. ಎರಡೂ ಒಂದ ಶಬ್ದ ಏನ್ರಿ? ಅಪ್ಪಾಗ ಏನಂತ ತಿಳಿಸಿ ಹೇಳ್ಲಿ?

ಕರದಂಟು
ಸ್ಟೇ ಅಲ್ಲ. ಮೊದಲ ಅಪ್ಪಾಜಿಗೆ ಊಟ ಮಾಡಸ್ರಿ, ಉಳಿದದ್ದು ಆಮ್ಯಾಲೆ.

ಎಂಟೆತ್ತಿನ ಗಳೆ
ಯಾಕ ಸ್ಟೇ ಅಲ್ಲ? ನಮ್ಮೂರಾಗ ಒಬ್ಬಾಂವ ಕೇವಿಯಟ್ ಹಾಕಿದ, ಎದುರಿನಾಂವ ಕೆಲಸ ಬಂದ್ ಮಾಡಿ ಕುಂತ. ಬಂದ್ ಆತಂದ್ರ ಸ್ಟೇನ ಅಲ್ಲೇನು?

ಕರಿ ಕೋಟು
ಅಣ್ಣಾರ, ಎದುರಿನಾಂವ ಅಂಜಿ ಬಂದ್ ಮಾಡ್ಯಾನ, ಕೋರ್ಟ್ ಬಂದ್ ಮಾಡ್ಸಿಲ್ಲ. ನಾ ಇನ್ನೂ ಜೂನಿಯರ್ ವಕೀಲ, ನಮ್ಮ ಸೀನಿಯರ್ ಆಫೀಸ್‌ನ್ಯಾಗ ವಾರಕ್ಕ ಎರಡ ಮೂರ ಕೇವಿಯಟ್ ಟೈಪ್ ಆಗ್ತಾವ, ಆ ಧೈರ್ಯದ ಮ್ಯಾಲೆ ಹೇಳ್ತೇನಿ.

ಕೋರ್ಟಿನ್ಯಾಗ ಒಂದ್ ಪದ್ಧತಿ ಐತಿ. ಅರ್ಜೆಂಟ್ ಇದ್ರ ಎದುರಿನಾಂವಗ ನೋಟಿಸ್ ಕೊಡದನ, ಅಂವನ ಮಾತು ಕೇಳದನ, ಒಬ್ಬಾಂವನ ಮಾತಿನ ಮ್ಯಾಲ ತಾತ್ಪೂರ್ತಿಕ ತಡೆ ಕೊಡಬಹುದು, ಅದಕ್ಕ ಎಕ್ಸ್‌ಪಾರ್ಟಿ ಅಂತಾರ. ಮುಂಜಾನೆ ನೀವು ಚಾ ಕುಡ್ಯೂದ್ರಾಗ ನಿಮ್ಮ ಹೊಲದ ಮ್ಯಾಲೆ ತಡೆ ಬಂದ್ಬಿಟ್ಟಿರತೈತಿ. ಹಂಗ ಆಗಬಾರದು ಅಂತ ಅಂಜೂ ಮನಷ್ಯಾ ಮೊದಲ ಹೋಗಿ ಕೋರ್ಟಿನ ಕಿವ್ಯಾಗ ಹಾಕಿ ಬರತಾನ: "ಇಂಥಾಂವ ನನ್ನ ಮ್ಯಾಲೆ ಅರ್ಜಿ ಹಿಡ್ಕೊಂಡು ಬರಬಹುದು, ಬಂದ್ರ ನನಗ ತಿಳಿಸ್ರಿ, ನನ್ನ ಮಾತು ಕೇಳದ ಏನೂ ಮಾಡಬ್ಯಾಡ್ರಿ." ಇಷ್ಟ ಕೇವಿಯಟ್. ಎಚ್ಚರಿಕಿ ಕೊಟ್ಟಿದ್ದು ಕೋರ್ಟಿಗೆ, ನಿಮ್ಮಪ್ಪಾಗ ಅಲ್ಲ. ನಿಮ್ಮಪ್ಪಾಗ ಬಂದಿದ್ದು ಅದರ ನಕಲು ಅಷ್ಟ. ಹಾಕಿದಾಂವ ಎದುರಿನಾಂವಗ ರಜಿಸ್ಟರ್ ಪೋಸ್ಟಿನಿಂದ ತಿಳಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಅದ 148-ಎ ಸೆಕ್ಷನ್‌ನ್ಯಾಗ ಬರದೈತಿ, ಅದಕ್ಕ ಬಂದೈತಿ. ಉತ್ತರ ಕೊಡೂ ಗರಜ ಇಲ್ಲ, ಕೋರ್ಟಿಗೆ ಹಾಜರಾಗೂ ತಾರೀಖ್ ಇಲ್ಲ, ಹೊಲದಾಗ ಬಿತ್ತಬಹುದು, ಹರಗಬಹುದು, ಏನೂ ಬಂಧನ ಇಲ್ಲ.

ಘಟಪ್ರಭಾ ದಂಡಿ
ಯಪ್ಪಾ ದೇವ್ರ. ಈಗ ಅವ್ವಗ ಫೋನ್ ಹಚ್ಚತೇನಿ. ಆದ್ರ ಅಪ್ಪ ಯಾವಾಗ ಕೋರ್ಟಿಗೆ ಹೊಂಟಿದ್ದ ಸರ್? ಅಂವಾ ತಾಲೂಕಾ ಕೋರ್ಟಿನ ಮೆಟ್ಟಲಾ ಸೈತ ಹತ್ತಿಲ್ಲ.

ಗುಮ್ಮಟದ ಪಾರಿವಾಳ
ನಮ್ಮ ಬಿಜಾಪುರದಾಗೂ ಇದೇ ಹಾಡು. ಕೇವಿಯಟ್ ಅಂದ್ರ ಸ್ಟೇ, ಸ್ಟೇ ಅಂದ್ರ ಡಿಕ್ರಿ, ಡಿಕ್ರಿ ಅಂದ್ರ ಜಪ್ತಿ. ಎಲ್ಲಾ ಒಂದೇ ಬುಟ್ಟ್ಯಾಗ ಹಾಕಿ ಮಾತಾಡ್ತಾರ.

ಮಾಸ್ತರ್ ರಿಟಾಯರ್ಡ್
ಶಬ್ದದ ಬಗ್ಗೆ ಕೇಳಿದ್ದೀರಿ, ಅದನ್ನು ನಾನು ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು, ಚಟ ಬಿಟ್ಟಿಲ್ಲ.

ಕೇವಿಯಟ್ ಲ್ಯಾಟಿನ್ ಶಬ್ದ. ಅಲ್ಲಿ ಅದು ನಾಮಪದವೇ ಅಲ್ಲ, ಕ್ರಿಯಾಪದ. 'ಅವನು ಎಚ್ಚರವಾಗಿರಲಿ' ಎಂದು ಅರ್ಥ, ಒಂದೇ ಶಬ್ದದಲ್ಲಿ ಇಡೀ ವಾಕ್ಯ. ಎದುರಿಗಿದ್ದವನಿಗೆ ನೇರ ಹೇಳುವುದಾದರೆ 'ಕಾವೆ', ಅಂದರೆ 'ಜೋಕೆ!'. ಇಟಲಿಯ ಪೊಂಪೇ ಊರು ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಹೋಯಿತಲ್ಲ, ಅಲ್ಲಿ ಒಂದು ಮನೆಯ ಬಾಗಿಲೊಳಗೆ ನೆಲದ ಮೇಲೆ ಸಣ್ಣ ಕಲ್ಲು ಕೂಡಿಸಿ ಸರಪಳಿ ಕಟ್ಟಿದ ಕರಿ ನಾಯಿಯ ಚಿತ್ರ ಮಾಡಿದ್ದಾರೆ, ಕೆಳಗೆ 'ಕಾವೆ ಕಾನೆಮ್'. ನಾಯಿ ಇದೆ, ಎಚ್ಚರಿಕೆ! ನಮ್ಮ ಟಿಳಕವಾಡಿ ಬಂಗಲೆಗಳ ಗೇಟಿನ ಬೋರ್ಡು ಎರಡು ಸಾವಿರ ವರ್ಷದ ಹಿಂದೆಯೇ ಇತ್ತು. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯ ಹುಡುಗರೂ ಮಾಸ್ತರು ಬರುವುದು ಕಂಡರೆ 'ಕೇವಿ!' ಎಂದು ಪಿಸುಗುಡುತ್ತಿದ್ದರು, ಅದೂ ಇದೇ ಶಬ್ದ. ನಮ್ಮ ಹುಡುಗರು ನನಗೆ ಏನು ಅಂತಿದ್ದರೋ ಇಲ್ಲಿ ಬರೆಯುವುದಿಲ್ಲ.

ಮುಧೋಳ ಮರಿ
ಮಾಸ್ತರ್, ನಾಯಿ ಸುದ್ದಿ ಬಂತಂದ್ರ ನಾ ಬರಲೇಬೇಕು. ನಮ್ಮ ಮನ್ಯಾಗ ಎರಡ ಮುಧೋಳ ಅದಾವ, ಗೇಟಿಗೆ ಬೋರ್ಡ್ ಹಾಕಿಲ್ಲ. ನೋಡಿದಾವ್ರು ತಾವ ದೂರ ನಿಂದರತಾರ.

ಎಂಟೆತ್ತಿನ ಗಳೆ
ಅದ ಖರೆ. ಆದ್ರ ಮುಧೋಳ ನಾಯಿ ಬೊಗಳೂದ ಕಡಿಮಿ ಅಂತಾರಲ್ಲ? ಸೀದಾ ಓಡಿ ಬರತೈತಿ. ಅದರ ಕಡೆ ಕೇವಿಯಟ್ ಇಲ್ಲ, ಡೈರೆಕ್ಟ್ ಎಕ್ಸ್‌ಪಾರ್ಟಿ.

ಕರದಂಟು
ಹ್ಹಾಹ್ಹಾ ಇದು ಈ ವಾರದ ಬೆಸ್ಟು

ಆಫೀಸ್ ಚಾ
ನಾನೂ ಐಟಿಯಾಂವ, ಬೆಂಗಳೂರಾಗ. ಆಫೀಸಿನ ಕೇವಿಯಟ್ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮಲ್ಲಿ ಅದು 'ಮಾತು ಖರೆ, ಆದ್ರ ಇದೊಂದು ನೆಪ್ಪಿರಲಿ' ಅನ್ನೂ ಅರ್ಥ. ಷರತ್ತಿಗೂ ಅದಕ್ಕೂ ಫರಕ್ ಐತಿ. 'ರೊಕ್ಕ ಕೊಟ್ರ ಮಾಲ ಕೊಡ್ತೇನಿ' ಅನ್ನೂದು ಷರತ್ತು. 'ಮಾಲ ಚಲೋ ಐತಿ, ಆದ್ರ ಮಳ್ಯಾಗ ಇಡಬ್ಯಾಡ್ರಿ' ಅನ್ನೂದು ಕೇವಿಯಟ್.

ಗುಮ್ಮಟದ ಪಾರಿವಾಳ
ಅದು ಡಿಸ್‌ಕ್ಲೇಮರ್ ಅಲ್ಲೇನು ಮತ್ತ?

ಮಾಸ್ತರ್ ರಿಟಾಯರ್ಡ್
ಅಲ್ಲ. ಡಿಸ್‌ಕ್ಲೇಮರ್ ಅಂದರೆ 'ಏನಾದರೂ ಆದರೆ ನನ್ನನ್ನು ಕೇಳಬೇಡಿ' ಎಂದು ಕೈ ತೊಳೆದುಕೊಳ್ಳುವುದು. ಕೇವಿಯಟ್ ಹೇಳುವವನು ಕೈ ತೊಳೆದುಕೊಳ್ಳುವುದಿಲ್ಲ, ತಾನು ಹೇಳಿದ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಗೆರೆ ಎಳೆಯುತ್ತಾನೆ. ಸಂತೆಯಲ್ಲಿ ಮಾವಿನಹಣ್ಣಿನ ಮುದುಕಿ ಹೇಳುತ್ತಾಳಲ್ಲ, "ಹಣ್ಣು ಸಕ್ರಿ ಅದಾವ ಯಪ್ಪಾ, ಆದ್ರ ಇವತ್ತ ತಿಂದ್ ಮುಗಸ್ರಿ, ನಾಳಿಗೆ ಇಡಬ್ಯಾಡ್ರಿ". ಅದು ಅಪ್ಪಟ ಕೇವಿಯಟ್. ಅದಕ್ಕೇ ಕರೆಂಟ್ ಕಂಬದ ಮೇಲೆ ಕೇವಿಯಟ್ ಅಂತ ಬರೆಯುವುದಿಲ್ಲ, ಅಲ್ಲಿ ಡೇಂಜರ್ ಬೇಕು. ಕೇವಿಯಟ್ ಒಂಟಿಯಾಗಿ ನಿಲ್ಲುವ ಎಚ್ಚರಿಕೆಯಲ್ಲ, ಇನ್ನೊಂದು ಮಾತಿನ ಬೆನ್ನಿಗೆ ಅಂಟಿಕೊಂಡು ಬರುವಂಥದ್ದು.

ಘಟಪ್ರಭಾ ದಂಡಿ
ನಮ್ಮ ಮ್ಯಾನೇಜರ್ "ಲೆಟ್ ಮಿ ಕೇವಿಯಟ್ ದಟ್" ಅಂತನೂ ಅಂತಾರ, ಅದು ಸರಿ ಏನ್ರಿ ಮಾಸ್ತರ್?

ಮಾಸ್ತರ್ ರಿಟಾಯರ್ಡ್
ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಆಗಿದ್ದ ಅಲೆಕ್ಸಾಂಡರ್ ಹೇಗ್ 1981ರಲ್ಲಿ ಹೀಗೇ ಕ್ರಿಯಾಪದ ಮಾಡಿ ಮಾತಾಡಿ ಪತ್ರಿಕೆಯವರಿಂದ ನಗೆಪಾಟಲಾಗಿದ್ದರು. ಈಗ ನಿಘಂಟಿನಲ್ಲೂ ಸೇರಿದೆ. ನನ್ನ ಪರೀಕ್ಷೆಯಲ್ಲಿ ಬರೆದಿದ್ದರೆ ಅರ್ಧ ಮಾರ್ಕ್ ಕಟ್.

ತೊರವಿ ದನದ ಸಂತಿ
ಎಲ್ಲಾರೂ ಕೋರ್ಟು ಆಫೀಸು ಅಂತೀರಿ, ವ್ಯಾಪಾರದ ಕೇವಿಯಟ್ ಮರತೀರಿ. ಬಿ.ಕಾಂ ದಾಗ ನಮಗ ಕಲಿಸಿದ್ರು, ಕೇವಿಯಟ್ ಎಂಪ್ಟರ್, ಅಂದ್ರ ತಗೊಳ್ಳಾವ ತಾನ ನೋಡಿ ತಗೋಬೇಕು. 1930ರ ಸರಕು ಮಾರಾಟ ಕಾಯ್ದೆ, ಸೆಕ್ಷನ್ 16. ಪಾಠ ಓದಿದ್ದು ಕಾಲೇಜಿನ್ಯಾಗ, ಅರ್ಥ ಆಗಿದ್ದು ನಮ್ಮ ಮುತ್ತ್ಯಾನ ಎತ್ತಿನ ಕಥಿಯಿಂದ.

ಸಂಕ್ರಾಂತಿ ಟೈಮಿಗೆ ಸಿದ್ಧೇಶ್ವರ ಜಾತ್ರಿ ದನದ ಸಂತಿ ಕೂಡತದ, ಅಲ್ಲಿ ಬಾಯಿಲೆ ರೇಟ್ ಹೇಳೂ ಪದ್ಧತಿ ಇಲ್ಲ. ದಲಾಲಿ ಮ್ಯಾಲೊಂದು ವಲ್ಲಿ ಹಾಕ್ತಾನ, ಅದರ ಕೆಳಗ ಕೈಯಾಗ ಕೈ ಹಿಡ್ಕೊಂಡು ಬೆರಳ ಒತ್ತಿ ವ್ಯಾಪಾರ ಮಾಡ್ತಾರ, ಬಾಜೂ ನಿಂತಾಂವಗ ಸುಳಿವು ಹತ್ತೂದಿಲ್ಲ. ಮುತ್ತ್ಯಾ ಹಲ್ಲ ನೋಡಿದ, ಸುಳಿ ನೋಡಿದ, ಖುರ ಎತ್ತಿ ನೋಡಿದ, ಬಾಲ ಜಗ್ಗಿ ನೋಡಿದ, ಎಲ್ಲಾ ಚಲೋ. ವಲ್ಲಿ ಕೆಳಗ ವ್ಯಾಪಾರ ಮುಗೀತು. ಮನಿಗೆ ತಂದು ಹೂಡಿದ್ರ ಎತ್ತು ಎರಡ ಸಾಲು ಹೊಡದು ಮೂರನೇ ಸಾಲಿಗೆ ಸಾಲಿನ್ಯಾಗ ಕುಂತಬಿಡ್ತು! ಬಾರಕೋಲ ತೋರ್ಸಿದ್ರೂ ಏಳೂದಿಲ್ಲ, ಹಿಂಡಿ ತೋರ್ಸಿದ್ರ ಏಳ್ತದ. ಮುಂದಿನ ವರ್ಷ ಮಾರಿದಾಂವನ್ನ ಹುಡುಕಿ ಹಿಡಿದು ಕೇಳಿದ್ರ ಅಂವ ಅಂದನಂತ, "ಗೌಡ್ರ, ನೀವು ಹಲ್ಲ ಕೇಳಿದ್ರಿ, ತೋರಸ್ದೆ. ಎಷ್ಟ ಸಾಲ ಹೊಡೀತದ ಅಂತ ಕೇಳಿದ್ರೇನು?"

ಕರಿ ಕೋಟು
ಇದ ಸೆಕ್ಷನ್ 16ರಾಗ ಇದಕ್ಕ ಔಷಧ ಐತ್ರಿ. ಮಾರಾಟ ಮಾಡೂದ ಅಂವನ ಧಂದೆ ಇದ್ದು, 'ನನಗ ಹೊಲಾ ಹೊಡ್ಯಾಕ ಬೇಕು, ನಿನ್ನ ಮಾತಿನ ಮ್ಯಾಲೆ ತಗೋತೇನಿ' ಅಂತ ನೀವು ಮೊದಲ ಹೇಳಿದ್ರ, ಆ ಕೆಲಸಕ್ಕ ಬರೂ ಅಂಥಾದ್ದನ್ನ ಕೊಡೂ ಜವಾಬ್ದಾರಿ ಮಾರಾವ್ನ ಮ್ಯಾಲೆ ಬೀಳತೈತಿ. ಆಮ್ಯಾಲೆ 1986ರ ಗ್ರಾಹಕ ಕಾಯ್ದೆ ಬಂತು, ಈಗ ಅದರ ಜಾಗಾಕ್ಕ 2019ರದು ಐತಿ. ಕೊಳ್ಳಾವ ಹುಷಾರ್ ಇರಲಿ ಅನ್ನೂ ಕಾಲ ಸರದು ಮಾರಾವ ಹುಷಾರ್ ಇರಲಿ ಅನ್ನೂ ಕಡೆ ಬಂದೇವಿ, ಕಾಗದದ ಮ್ಯಾಲರೆ.

ತೊರವಿ ದನದ ಸಂತಿ
ವಲ್ಲಿ ಕೆಳಗಿನ ವ್ಯಾಪಾರಕ್ಕ ರಶೀದಿ ಎಲ್ಲಿಂದ ತರ್ಲಿ ವಕೀಲರ?

ಶಹಾಪುರ ಕುಂದಾ
ಬೆಳಗಾವಿಯವರಿಗೆ ಎಚ್ಚರಿಕಿ ಶಬ್ದಗಳದ್ದ ಬ್ಯಾರೆ ಗೋಳು ಅದರಿ. ನಮ್ಮ ಸುತ್ತ ಮರಾಠಿ ಬೋರ್ಡ್ ಭಾಳ. ಮರಾಠಿಯೊಳಗ 'ಧೋಕಾ' ಅಂದ್ರ ಅಪಾಯ, ಕರೆಂಟಿನ ಡಬ್ಬಿ ಮ್ಯಾಲೆ ತಲಿಬುರುಡಿ ಚಿತ್ರ ತಗದು ಧೋಕಾ ಅಂತ ಬರದಿರ್ತಾರ. ಹಿಂದಿಯೊಳಗ ಅದ ಶಬ್ದಕ್ಕ ಮೋಸ ಅಂತ ಅರ್ಥ. ನಮ್ಮ ಮನ್ಯಾಗ ಬಾಡಿಗಿ ಇದ್ದ ಉತ್ತರಪ್ರದೇಶದ ಹುಡುಗ ಕೊಲ್ಲಾಪುರಕ್ಕ ಹೋಗಿ ಬಂದು "ಆಂಟಿ, ಟ್ರಾನ್ಸ್‌ಫಾರ್ಮರ್ ಯಾರಿಗೆ ಮೋಸ ಮಾಡೇದ?" ಅಂತ ಕೇಳಿದ್ದ. ನಾವು ಎರಡೂ ಅರ್ಥದಾಗ ವಾಪರಸ್ತೀವಿ, ಸಂದರ್ಭ ನೋಡ್ಕೊಂಡು.

ಸಾವಧಾನನೂ ಹಂಗ. ಕನ್ನಡದಾಗ ಸಾವಧಾನ ಅಂದ್ರ ನಿಧಾನ, ತಾಳ್ಮಿ. ಮರಾಠಿಯೊಳಗ ಎಚ್ಚರ. ಮದುವ್ಯಾಗ ಭಟ್ಟರು 'ಶುಭಮಂಗಲ ಸಾವಧಾನ' ಅಂದ ಕೂಡ್ಲೆ ಸಮರ್ಥ ರಾಮದಾಸರು ಎಚ್ಚರಾಗಿ ಮಂಟಪದಿಂದ ಓಡಿ ಹೋದ್ರು ಅಂತ ಕಥಿ ಅದ. ನಮ್ಮ ಮನಿಯವರು ಕನ್ನಡದ ಅರ್ಥ ತಗೊಂಡು ಸಾವಧಾನ ಕುಂತ್ರು, ಅದಕ್ಕ ಸಿಕ್ಕ್ರು.

ಮುಧೋಳ ಮರಿ
ಅಕ್ಕಾರ 🙏🙏

ಆಫೀಸ್ ಚಾ
ಹಂಗಾರ ಕೇವಿಯಟ್‌ಗೆ ಕನ್ನಡದಾಗ ಏನನ್ನೂಣು? ಎಚ್ಚರಿಕಿ ಅರ್ಜಿ?

ಎಂಟೆತ್ತಿನ ಗಳೆ
ಖಬರ್‌ದಾರ್ ಅರ್ಜಿ.

ಮಾಸ್ತರ್ ರಿಟಾಯರ್ಡ್
ಖಬರ್‌ದಾರ್ ಎಂದರೆ ಹೊಡೆಯಲು ಬಂದ ಹಾಗಾಯಿತು. ನನ್ನ ಮತ ಜೋಕೆಗೆ. ನಮ್ಮ ಕಡೆ ಬಾಯಲ್ಲಿ 'ಜ್ವಾಕಿ'. ಬಾವಿ ಕಡೆ ಹೊರಟರೆ ನಮ್ಮವ್ವ "ಜ್ವಾಕಿ ಯಪ್ಪಾ, ದಂಡಿ ಜಾರತೈತಿ" ಅನ್ನುತ್ತಿದ್ದಳು. ಹೋಗಬೇಡ ಅಂತಿರಲಿಲ್ಲ, ಹೋಗು ಆದರೆ ನೋಡಿಕೊಂಡು ಹೋಗು ಅಂತಿದ್ದಳು. ಆಫೀಸಿನ ಕೇವಿಯಟ್‌ಗೆ ಇಷ್ಟು ಹತ್ತಿರದ ಶಬ್ದ ಬೇರೆ ಸಿಗಲಿಕ್ಕಿಲ್ಲ.

ಕರಿ ಕೋಟು
ಕೋರ್ಟಿನ್ಯಾಗ ಯಾರೂ ಅನುವಾದ ಮಾಡೂದಿಲ್ಲ ಮಾಸ್ತರ್. ಕಕ್ಷಿದಾರ ಬಂದು "ಸಾಹೇಬ್ರ, ಒಂದ್ ಕ್ಯಾವೆಟ್ ಒಗದಬಿಡ್ರಿ" ಅಂತಾನ. ಒಬ್ಬ ಅಜ್ಜ ಅಂತೂ "ಕಾವಲಿ ಅರ್ಜಿ" ಅಂತಿದ್ದ. ಕಾವಲಕ್ಕ ಹಾಕೂ ಅರ್ಜಿ ಅನ್ಕೊಂಡಿದ್ದ, ಯೋಚನಿ ಮಾಡಿದ್ರ ಅಜ್ಜಂದ ಸರಿ ಅನಸ್ತೈತಿ.

ಗುಮ್ಮಟದ ಪಾರಿವಾಳ
ಕಾವಲಿ ಅರ್ಜಿ 👌 ಇದನ್ನ ಫಿಕ್ಸ್ ಮಾಡ್ರಿ.

ಟೆಲಿಫೋನ್ ಎಕ್ಸ್‌ಚೇಂಜ್
ಒಂದ್ ವಿಷಯಾಂತರ. ಅಮೆರಿಕದ ಪೇಟೆಂಟ್ ಆಫೀಸಿನ್ಯಾಗೂ ಮೊದಲ ಕೇವಿಯಟ್ ಇತ್ತು. ಯಂತ್ರ ಪೂರ್ತಿ ತಯಾರ ಆಗಿಲ್ಲ ಆದ್ರ ವಿಚಾರ ನಂದು, ಬ್ಯಾರೆಯವ್ರು ಇಂಥಾದ್ದಕ್ಕ ಅರ್ಜಿ ತಂದ್ರ ನನಗ ತಿಳಿಸ್ರಿ ಅಂತ ಹಾಕೂದು, ಕರಿ ಕೋಟು ಅವ್ರು ಹೇಳಿದಂಗನ. 1876ರ ಫೆಬ್ರುವರಿ 14ಕ್ಕ ಟೆಲಿಫೋನಿಗೆ ಗ್ರಹಾಂ ಬೆಲ್‌ನ ಕಡೆಯಿಂದ ಪೇಟೆಂಟ್ ಅರ್ಜಿ ಬಂತು, ಅದ ದಿನ ಎಲೀಷಾ ಗ್ರೇ ಅನ್ನಾಂವಂದು ಕೇವಿಯಟ್ ಬಂತು. ಯಾರದು ಮೊದಲ ಅಂತ ಆದ ಜಗಳ ಇವತ್ತಿಗೂ ಮುಗದಿಲ್ಲ. ಪೇಟೆಂಟ್ ಬೆಲ್‌ಗ ಹೋತು. ನಾ ದೂರವಾಣಿ ಇಲಾಖೆದಾಗ ಇದ್ದಾಂವ, ಅದಕ್ಕ ನೆಪ್ಪೈತಿ.

ಎಂಟೆತ್ತಿನ ಗಳೆ
ಅಂದ್ರ ಗ್ರೇ ಕೇವಿಯಟ್ ಹಾಕಿ ಸೋತ, ಘಟಪ್ರಭಾ ದಂಡಿಯವ್ರ ಕಾಕಾನೂ ಸೋಲ್ತಾನ. ಮುಗೀತು.

ಕರದಂಟು
ಏನರೆ ಲಾಜಿಕ್ ಐತೇನ್ಲೇ ನಿಂದು

ಇಳಕಲ್ ಸೆರಗು
ಇಷ್ಟ್ ಹೊತ್ತು ಓದಿಕೋತ ಕುಂತಿದ್ದೆ, ಒಂದ್ ಮಾತು ಹೇಳಬೇಕನಸ್ತು. ವಕೀಲರು ಹೇಳಿದ್ದು ಖರೆ, ಕೇವಿಯಟ್ ಕೋರ್ಟಿಗೆ ಕೊಟ್ಟ ಎಚ್ಚರಿಕಿ. ಆದ್ರ ನಮಗ ಬಂದ ನಕಲನ್ನ ತಿರುವ್ಯಾಕಿ ಓದಬೇಕ್ರಿ. ಸುಮ್ಮ ಸುಮ್ಮನ ಯಾರೂ ವಕೀಲರಿಗೆ ಫೀ ಕೊಟ್ಟು ಕಾವಲಿ ಹಾಕೂದಿಲ್ಲ. 'ನಾ ಏನೋ ಮಾಡಾಂವ ಅದೇನಿ, ಅದನ್ನ ನೋಡಿ ಇವ್ರು ತಡ್ಯಾಕ ಬರತಾರ' ಅಂತ ಅನಿಸಿದಾಗ ಹಾಕ್ತಾರ.

ನಂದ ಹೇಳ್ತೇನಿ. ಅಪ್ಪ ತೀರಿಕೊಂಡು ಎರಡ್ ವರ್ಷ ಆಗಿತ್ತು. ವಾಟ್ನಿ, ಅಂದ್ರ ಆಸ್ತಿ ಪಾಲು, ಅನ್ನೂ ಶಬ್ದ ನನ್ನ ಬಾಯಾಗ ಬಂದಿದ್ದಿಲ್ಲ, ಪಂಚಮಿಗೆ ತವರಿಗೆ ಹೋಗಿ ಉಂಡಿ ತಿಂದು ಬರತಿದ್ದೆ. ಒಂದಿನ ಅಣ್ಣತಮ್ಮರಿಂದ ಇಂಥಾದ್ದ ಪಾಕೀಟು ಬಂತು. ನಾ ಎದಿ ಒಡಕೊಂಡು ಅತ್ತೆ. ನಮ್ಮ ಮನಿಯವ್ರು ಗುರ್ತಿನ ವಕೀಲರ ಕಡೆ ಒಯ್ದ್ರು, ಅವ್ರು ಓದಿ ನಕ್ರು, "ತಂಗಿ, ನೀ ಕೋರ್ಟಿಗೆ ಹೊಂಟಿದ್ದೇನು?" ಇಲ್ಲ ಅಂದೆ. "ಹೋದ್ರ ನಿನಗ ಸಿಗತೈತಿ ಅಂತ ಅವ್ರಿಗೆ ಗೊತ್ತೈತಿ, ಅದಕ್ಕ ಇದು ಬಂದೈತಿ." ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟ ಪಾಲು, ಕರ್ನಾಟಕದಾಗ 1994ರಿಂದನ ಮದುವಿ ಆಗಲಾರದ ಹೆಣ್ಣಮಕ್ಕಳಿಗೆ ಇತ್ತು, 2005ರ ತಿದ್ದುಪಡಿ ಆದ ಮ್ಯಾಲೆ ಮದುವಿ ಆದಾವ್ರಿಗೂ ಐತಿ ಅಂತ ಅವತ್ತ ಗೊತ್ತಾತು. ಹೊಲದ ಉತಾರ (ಪಹಣಿ) ತಗಸಿ ನೋಡಿದ್ರ ಹೊಲಾ ಮಾರಾಟದ ಮಾತುಕತಿ ನಡದಿತ್ತು. ಅವ್ರು ಆ ಕಾಗದ ಕಳಿಸದ ಇದ್ದಿದ್ರ ನನಗ ಇವತ್ತಿಗೂ ಏನೂ ಗೊತ್ತಾಗ್ತಿದ್ದಿಲ್ಲ.

ಕರದಂಟು
ಅಯ್ಯೋ ಅಕ್ಕಾರ! ಮುಂದೇನಾತು?

ಇಳಕಲ್ ಸೆರಗು
ಮುಂದಿಂದು ಇನ್ನೂ ನಡದೈತಿ. ಪಂಚಮಿಗೆ ಹೋಗೂದು ಬಿಟ್ಟೇನಿ, ಅದಷ್ಟ ಬ್ಯಾಸರ.

ಕರಿ ಕೋಟು
ಅಕ್ಕಾರ ಹೇಳಿದ್ದು ನೂರಕ್ಕ ನೂರು. ಘಟಪ್ರಭಾ ದಂಡಿಯವ್ರ, ಕಾಗದದಾಗ ಸರ್ವೆ ನಂಬರ್ ಯಾವುದೈತಿ ನೋಡ್ರಿ, ಮತ್ತ ಕೋರ್ಟಿನ್ಯಾಗ ಹಾಕಿದ ತಾರೀಖ್ ನೋಡ್ರಿ. ಕೇವಿಯಟ್ ಆಯುಷ್ಯ 90 ದಿನ, ಹಾಕಿದ ದಿನದಿಂದ ಎಣಿಸಬೇಕು, ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಆಮ್ಯಾಲೆ ಬೇಕಂದ್ರ ಮತ್ತ ಹೊಸಾದು ಹಾಕಬೇಕು. ನೀವು ಈ ನಡುವ ಕೋರ್ಟಿಗೆ ಹೋದ್ರೂ ಬಾಗಿಲಾ ಮುಚ್ಚಿರೂದಿಲ್ಲ, ನಿಮ್ಮ ಅರ್ಜಿ ನಕಲು ಅವ್ರಿಗೆ ಕೊಡಬೇಕು, ಅವ್ರ ಮಾತೂ ಕೇಳಿ ಜಜ್ ಸಾಹೇಬ್ರು ನಿರ್ಣಯ ಮಾಡ್ತಾರ, ಇಷ್ಟ ಫರಕ್.

ಗುಮ್ಮಟದ ಪಾರಿವಾಳ
ಹೈಕೋರ್ಟಿನ್ಯಾಗೂ ಹಾಕ್ತಾರಲ್ಲ? ನಮ್ಮ ಮಾವ ಕೆಳಗಿನ ಕೋರ್ಟಿನ್ಯಾಗ ಗೆದ್ದ ಮರುದಿನ ಕಲಬುರ್ಗಿಗೆ ಓಡಿದ್ದ.

ಕರಿ ಕೋಟು
ಹೌದ್ರಿ, ಗೆದ್ದಾಂವನ ಹಾಕಬೇಕು, ಸೋತಾಂವ ಅಪೀಲ್ ಹಾಕಿ ತಡೆ ತರಬಾರದಲ್ಲ. ಬಿಜಾಪುರದವ್ರು ಕಲಬುರ್ಗಿ ಪೀಠ, ಬೆಳಗಾವಿ ಬಾಗಲಕೋಟಿಯವ್ರು ಧಾರವಾಡ ಪೀಠ. ಮೊದಲಾಗಿದ್ರ ಇದಕ್ಕೂ ಬೆಂಗಳೂರ ಬಸ್ ಹಿಡೀಬೇಕಿತ್ತು.

ಘಟಪ್ರಭಾ ದಂಡಿ
ಅಪ್‌ಡೇಟ್. ಐತವಾರ ಊರಿಗೆ ಹೋಗಿದ್ದೆ. ಅಪ್ಪನ್ನ ಗಾಡಿ ಹಿಂದ ಕುಂದ್ರಿಸ್ಕೊಂಡು ಹೊಲಕ್ಕ ಹೋದೆ. ಸರ್ವೆ ನಂಬರ್ ನೋಡಿದ್ರ ಅದು ದೊಡ್ಡ ಹೊಲ ಅಲ್ಲ, ಹಳ್ಳದ ಕಡೆ ಇರೂ ಎಂಟ್ ಗುಂಟೆ ತುಂಡು, ನಮಗೂ ಕಾಕಾಗೂ ನಡುವ ಬಾಂದಗಲ್ಲು ಇರೂದ ಅಲ್ಲೇ. ಹೋಗಿ ನೋಡಿದ್ರ ಸುಣ್ಣದ ಪುಡಿ ಹಾಕಿ ಗೆರಿ ಹೊಡದಾರ, ಒಂದ್ ಮೂಲ್ಯಾಗ ಉಸುಕು, ಖಡಿ ಬಂದು ಬಿದ್ದಾವ. ಬಾಂದಗಲ್ಲು ಎಲ್ಲೈತಿ ಅಂತ ಹುಡುಕಿದ್ರ ಖಡಿ ರಾಶಿ ಕೆಳಗ ಹೋಗೇತಿ. ಇಳಕಲ್ ಸೆರಗು ಅಕ್ಕಾರ ಹೇಳಿದಂಗನ, ಕಾಕಾ ಅಲ್ಲಿ ಕೋಳಿ ಶೆಡ್ ಕಟ್ಟಾಂವ ಅದಾನ.

ಅಪ್ಪ ಸುಣ್ಣದ ಗೆರಿ ಮ್ಯಾಲೆ ಕಾಲಿಲೆ ಹೆಜ್ಜಿ ಎಣಿಸಿದ. ಎರಡ್ ಸಲ. ಆಮ್ಯಾಲೆ ಅಂದ, "ನಮ್ಮ ಕಡೆ ಎರಡೂವರಿ ಹೆಜ್ಜಿ ಬಂದಾನ. ಕೇಳಿದ್ರ ನಾನ ಬಿಟ್ಟಕೊಡತಿದ್ದೆ." ವಾಪಸ್ ಬರೂಮುಂದ ಕಾಕಾನ ಮನಿ ಮುಂದ ಗಾಡಿ ನಿಂದ್ರಸಂದ. ನಾ ಅಂಜಿದೆ. ಒಳಗ ಹೋಗಿ ಇಬ್ಬರೂ ಚಾ ಕುಡದ್ರು, ಒಂದ್ ತಾಸು ಮಾತಾಡಿದ್ರು, ನನ್ನ ಹೊರಗ ಕುಂದ್ರಿಸಿದ್ರು. ಹದ್ದಬಸ್ತಿಗೆ, ಅಂದ್ರ ಗಡಿ ಅಳತಿಗೆ, ಇಬ್ಬರೂ ಕೂಡಿ ಅರ್ಜಿ ಕೊಡೂದು, ಸರ್ವೆಯಾಂವ ಬಂದು ಅಳತಿ ಮಾಡೂ ತನ ಪಾಯಾ ತಗ್ಯೂದಿಲ್ಲ ಅಂತ ಮಾತಾಗೇತಂತ. ಬರದು ಸಹಿ ಮಾಡಿಸ್ಕೋ ಅಂದ್ರ ಅಪ್ಪ ನನಗ ಬೈದ.

ಕರಿ ಕೋಟು
ಬೈಸ್ಕೊಂಡ್ರೂ ಸರಿ ಬರಸ್ಕೋರಿ. ಮತ್ತ 90 ದಿನ ಮುಗ್ಯೂ ತಾರೀಖ್ ಮೊಬೈಲ್‌ನ್ಯಾಗ ಅಲಾರಂ ಇಡ್ರಿ.

ಎಂಟೆತ್ತಿನ ಗಳೆ
ಅಪ್ಪಾಜಿ ಉಂಡ್ರಿಲ್ಲೋ?

ಘಟಪ್ರಭಾ ದಂಡಿ
ಮೂರ್ ರೊಟ್ಟಿ. ಬಾಜೂ ಮನಿ ವಕೀಲಗ ಅವ್ವ ಇನ್ನ ಮುಂದ ಚಾ ಕೊಡೂದಿಲ್ಲಂತ.

ಆಫೀಸ್ ಚಾ
ಮುಧೋಳ ಮರಿಯವ್ರ, ನಿಮ್ಮ ಕಡೆ ಮರಿ ಕೊಡೂದ್ ಐತೇನ್ರಿ? ಊರಾಗ ತ್ವಾಟಕ್ಕ ಬೇಕಿತ್ತು.

ಮುಧೋಳ ಮರಿ
ದೀಪಾವಳಿಗೆ ಬರ್ರಿ, ಅದಾವ. ಕೇವಿಯಟ್ ಮೊದಲ ಹೇಳಿಬಿಡ್ತೇನಿ, ಕಟ್ಟಿ ಹಾಕಿ ಸಾಕೂದಿದ್ರ ಕೊಡೂದಿಲ್ಲ.